ಗುಬ್ಬಚ್ಚಿಗೆ ಕಳಿಸಿದ ಮಾತ್ರೆ

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಗುಬ್ಬಚ್ಚಿ,

ಹೇಗಿದ್ದೀಯ? ನಿನ್ನ ಮನೆಯವರು, ಮಕ್ಕಳು ಹೇಗಿದ್ದಾರೆ? ಇಂಥ ಚಳಿಯಲ್ಲೂ ನೀನು ಕಿಟಕಿ ತೆರೆದಿಟ್ಟು ಮಲಗುತ್ತೀಯ, ನಿನ್ನ ಮನೆಯವರು ಎರಡು ಕಂಬಳಿ ಹೊದ್ದುಕೊಂಡು ಗೊಣಗುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ನಕ್ಕಳು. ಈ ವಯಸ್ಸಿಗೆ ಹೆಂಗಸರಿಗೆ ಹಾಗೆಲ್ಲ ಆಗುತ್ತದೆ ಎಂದಳು. ಇಬ್ಬರ ಊಟ ಒಬ್ಬಳೇ ಮಾಡುತ್ತೀಯಂತೆ, ಆದರೂ ಬಟ್ಟೆಗಳೆಲ್ಲ ಸಡಿಲವಂತೆ. ಚಿಕ್ಕವಳಿದ್ದಾಗ ಒಂದು ತುತ್ತು ತಿನ್ನುವುದಕ್ಕೆ ಮನೆ ತುಂಬ ಓಡಾಡಿಸುತ್ತಿದ್ದೆ ಎಂದೇ ನಿನಗೆ ಗುಬ್ಬಚ್ಚಿ ಎಂದು ಹೆಸರಿಟ್ಟದ್ದು. ಈಗ ಆ ಹೆಸರಿಗೇ ಮೋಸ ಮಾಡುತ್ತಿದ್ದೀಯ. ಶಾಲೆಯ ಮೆಟ್ಟಿಲು ಹತ್ತುವಾಗ ಎದೆ ಡವಡವ ಎನ್ನುತ್ತದೆ ಎಂದಿದ್ದೆ, ಕಡಿಮೆಯಾಯಿತೆ? ನಿಧಾನವಾಗಿ ಹತ್ತು, ಮಕ್ಕಳ ಜೊತೆ ಪಂದ್ಯ ಕಟ್ಟಬೇಡ. ತರಗತಿಯ ಜೊತೆ ತೆಗೆಸಿಕೊಂಡು ಕಳಿಸಿದ ಫೋಟೋವನ್ನು ಅಂಗಡಿಯ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದೇನೆ. “ನಿಮ್ಮ ತಂಗಿ ಇಳಿದುಹೋಗಿದ್ದಾರೆ, ಆದರೆ ಕತ್ತು ಮಾತ್ರ ತುಂಬ್ಕೊಂಡಿದೆ, ಹೆಡ್‌ಮಿಸ್ ಕಳೆ ಬಂದಿದೆ” ಎಂದು ಕ್ಷೌರಕ್ಕೆ ಬಂದಿದ್ದ ನಮ್ಮ ಬಸ್ ಡ್ರೈವರ್ ಹೇಳಿದ. ನಿನಗೆ ಬಡ್ತಿ ಸಿಗುವುದು ಯಾವಾಗಲೋ, ಇವನು ಆಗಲೇ ಕೊಟ್ಟಾಯಿತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಷ್ಟು ಬರೆದು ಸಹಿ ಹಾಕಿಬಿಡೋಣ ಅನ್ನಿಸುತ್ತಿದೆ. ಆದರೆ ನೀನು ಮಾತ್ರೆ ಮುಗಿಯುತ್ತ ಬಂತು, ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ ಮುಂದಿನದನ್ನು ಕಳಿಸು ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಕೊಡಲೇಬೇಕು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಬೇಡ. ನೇರವಾಗಿ ಹೇಳಲು ಹೋದರೆ ನನ್ನ ಕೈಲಿ ಆಗುವುದಿಲ್ಲ.

ಅಮ್ಮನ ತಲೆ ನಿನಗೆ ನೆನಪಿದೆಯಲ್ಲ. ಸದಾ ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡುತ್ತಿತ್ತು, ಯಾರೋ ಏನನ್ನೋ ಕೊಡಲು ಬಂದಿದ್ದಾರೆ, ಅವಳು ಬೇಡ ಬೇಡ ಎನ್ನುತ್ತಿದ್ದಾಳೆ ಎನ್ನುವ ಹಾಗೆ. ತರಕಾರಿಯವನು ಆ ತಲೆ ನೋಡಿ ಚೌಕಾಸಿಯಿಲ್ಲದೆ ತಾನೇ ಬೆಲೆ ಇಳಿಸುತ್ತಿದ್ದ. ಆಟಕ್ಕೆ ಹೋಗಲಾ ಎಂದು ಕೇಳಿದರೆ ತಲೆ ಬೇಡ ಅನ್ನುತ್ತಿತ್ತು, ಬಾಯಿ ಹೋಗಿ ಬಾ ಅನ್ನುತ್ತಿತ್ತು; ನಾವು ಬಾಯಿಯನ್ನೇ ನಂಬಿ ಓಡುತ್ತಿದ್ದೆವು. ಆ ನಡುಕ ಕೈಗೂ ಇಳಿದ ಮೇಲೆ ಅವಳಿಗೆ ಲೋಟದಲ್ಲಿ ಅರ್ಧ ಮಾತ್ರ ನೀರು ಹಾಕಿ ಕೊಡುವುದನ್ನು ಕಲಿತೆವು. ಹಾಗಾಗಿ ನನ್ನ ಬಲಗೈ ನಡುಗಲು ಶುರುವಾದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಿನ್ನ ಕೈಯೂ ನಡುಗುತ್ತಿದೆ, ಬೋರ್ಡಿನ ಮೇಲಿನ ಅಕ್ಷರ ನೋಡಿ ಹಿಂದಿನ ಬೆಂಚಿನವರು ನಗುತ್ತಾರೆ ಎಂದು ನೀನು ಬರೆದಾಗಲೂ ಆಗಲಿಲ್ಲ. ಅಮ್ಮ ಬಿಟ್ಟುಹೋದ ಆಸ್ತಿ ಇದೊಂದೇ, ಅದನ್ನೂ ಪಾಪ ಇಬ್ಬರಿಗೂ ಸಮನಾಗಿ ಹಂಚಿದ್ದಾಳೆ ಎಂದು ನಿನಗೆ ಬರೆದೆ. ಆ ಸಾಲು ಬರೆದು ನನಗೇ ಖುಷಿಯಾಗಿ ನಿನ್ನ ಅತ್ತಿಗೆಗೂ ಓದಿ ತೋರಿಸಿದ್ದೆ.

ಬೇರೆ ಕಸುಬಿನಲ್ಲಿ ಕೈ ನಡುಗಿದರೆ ಕೆಲಸ ಕೆಡುತ್ತದೆ. ನಮ್ಮ ಕ್ಷೌರದ ಕೆಲಸದಲ್ಲಿ ಎದುರಿಗೆ ಕೂತವನ ಜೀವವೇ ಬಾಯಿಗೆ ಬರುತ್ತದೆ. ಬಂದವರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ನಾನು ಗಲ್ಲ ಮೇಲೆತ್ತಿ ಎಂದ ಕೂಡಲೇ ಎತ್ತಿ ಕತ್ತನ್ನು ಒಪ್ಪಿಸಿಬಿಡುತ್ತಾರೆ. ಹೆಂಡತಿಯನ್ನೂ ಅಷ್ಟು ನಂಬದ ಗಂಡಸರು ನನ್ನನ್ನು ನಂಬುತ್ತಿದ್ದರು. ನಡುಕ ಮೊದಲು ಕಂಡದ್ದು ಬಸ್ ಡ್ರೈವರಿಗೆ. “ಸ್ವಲ್ಪ ಬ್ರೇಕ್ ಹಿಡೀರಿ, ಗುಂಡಿ ರಸ್ತೆ ಬಂತು ಅಂತ ಕಾಣತ್ತೆ” ಎಂದ. ಇಬ್ಬರೂ ನಕ್ಕೆವು. ಮುಂದಿನ ಸಲ ಬಂದಾಗ ತಲೆಕೂದಲಷ್ಟೇ ಸಾಕು ಎಂದು ಗಡ್ಡ ಬಿಟ್ಟ. ತನಗೆ ಗಡ್ಡ ಒಪ್ಪುತ್ತದಂತೆ, ಹೆಂಡತಿ ಹೇಳಿದಳಂತೆ. ಆಮೇಲೆ ಒಬ್ಬೊಬ್ಬರಾಗಿ ನಮ್ಮ ಬೀದಿಯ ಗಂಡಸರಿಗೆಲ್ಲ ಗಡ್ಡ ಒಪ್ಪತೊಡಗಿತು. ನಾನು ದಿನವೂ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು, ಒರೆಸಿ, ಮತ್ತೆ ಡಬ್ಬಿಗೆ ಹಾಕುತ್ತಿದ್ದೆ.

ಆಗ ಸೇರಿದ್ದು ಆಸ್ಪತ್ರೆಯ ಸಂಶೋಧನೆಗೆ. ಮೂರನೆಯ ಮಹಡಿಯಲ್ಲಿ ನರದವರದೂ ಗ್ರಂಥಿಯವರದೂ ಒಂದೇ ಕಾರಿಡಾರು. ಎಡಗಡೆಯ ಬೆಂಚಿನ ಮೇಲೆ ನಾವು ನಡುಗುವವರು, ಬಲಗಡೆಯ ಬೆಂಚಿನ ಮೇಲೆ ಗ್ರಂಥಿ ಕೆಟ್ಟವರು, ಕೆಲವರು ಕೋಲಿನಂತೆ, ಕೆಲವರು ಊದಿಕೊಂಡು. ನಡುಕಕ್ಕೆ ಹೊಸ ಔಷಧಿಯೊಂದನ್ನು ಪರೀಕ್ಷಿಸುತ್ತಿದ್ದೇವೆ, ಬರುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ಸೇರಿಸಿಕೊಳ್ಳುವ ಮೊದಲು ರಕ್ತ ತೆಗೆದು ಕತ್ತಿನ ಥೈರಾಯ್ಡ್ ಗ್ರಂಥಿ ಸರಿಯಿದೆಯೇ ಎಂದು ನೋಡಿದರು. ಅದು ರಸ ಜಾಸ್ತಿ ಸುರಿಸಿದರೂ ಕೈ ನಡುಗುತ್ತದಂತೆ. ಆದರೆ ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಮದ್ದು. ನನ್ನದು ಸರಿಯಾಗಿತ್ತು. ಇದನ್ನು ನಿನಗೆ ಬರೆದಿರಲಿಲ್ಲ. ಇಲ್ಲದ ಕಾಯಿಲೆಯ ಬಗ್ಗೆ ಏನು ಬರೆಯುವುದು. ಆಮೇಲೆ ಡಾಕ್ಟರಮ್ಮ, “ನೋಡಿ, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದರ ಥರಾನೇ ಕಾಣೋ ಬರೀ ಮಾತ್ರೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಕೊನೇಲಿ ಹೇಳ್ತೀವಿ. ಒಪ್ಪಿಗೇನಾ?” ಎಂದರು. ಒಪ್ಪಿಗೆ ಎಂದೆ. ಆ ಇನ್ನರ್ಧ ಜನ ಅಂದರೆ ಬೇರೆ ಯಾರೋ ಎಂದೇ ನನ್ನ ಕಿವಿಗೆ ಬಿದ್ದಿತ್ತು.

ಹೋದಾಗಲೆಲ್ಲ ಅದೇ ಪರೀಕ್ಷೆ. ಮೊಣಕೈಯನ್ನು ಮೇಜಿಗೆ ತಾಗಿಸದೆ ಕಾಗದದ ಮೇಲೆ ಒಂದು ಸುರುಳಿ ಬರೆಯಬೇಕು, ಒಳಗಿನಿಂದ ಹೊರಗೆ. ಆಮೇಲೆ ಒಂದು ಲೋಟದ ನೀರನ್ನು ಇನ್ನೊಂದು ಲೋಟಕ್ಕೆ ಸುರಿಯಬೇಕು, ಕೆಳಗೆ ಟ್ರೇ ಇಟ್ಟಿರುತ್ತಾರೆ. ಮೊದಲ ದಿನ ನನ್ನ ಸುರುಳಿ ನಾಯಿ ಕಚ್ಚಿ ಎಳೆದಾಡಿದ ಹಗ್ಗದ ಹಾಗಿತ್ತು, ನೀರು ಲೋಟಕ್ಕಿಂತ ಹೆಚ್ಚು ಟ್ರೇಗೆ ಬಿತ್ತು. ಕೆಲವು ವಾರಗಳಲ್ಲಿ ಸುರುಳಿ ಗುಂಡಗಾಯಿತು. “ಏನಣ್ಣ, ಇವತ್ತು ನನಗೆ ಒರೆಸೋ ಕೆಲಸಾನೇ ಇಲ್ಲ” ಎಂದು ನರ್ಸಮ್ಮ ಒಣ ಟ್ರೇ ಎತ್ತಿ ತೋರಿಸಿದ ದಿನ ನಾನು ಬಸ್ಸು ಹತ್ತದೆ ನಡೆದೇ ಅಂಗಡಿಗೆ ಬಂದೆ. ಕತ್ತಿ ತೆಗೆದು ಮೊದಲು ನನ್ನ ಗಡ್ಡವನ್ನೇ ಹೆರೆದುಕೊಂಡೆ. ಒಂದು ಗೀರಿಲ್ಲ. ಆ ವಾರವೇ ಬಸ್ ಡ್ರೈವರನನ್ನು ಬೀದಿಯಿಂದ ಎಳೆದು ತಂದು ಕೂರಿಸಿದೆ. ಹೆಂಡತಿಗೆ ಗಡ್ಡ ಬೇಜಾರಾಗಿದೆ ಎಂದು ಅವನೂ ಒಪ್ಪಿಕೊಂಡ.

ಇಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬರು ಗಡಿಯಾರ ರಿಪೇರಿಯವರು ಕೂರುತ್ತಿದ್ದರು. ಅವರ ಕೈ ಚೂರೂ ನಿಂತಿರಲಿಲ್ಲ, ಮೇಲಾಗಿ ತಲೆಸುತ್ತು, ವಾಕರಿಕೆ. ನಾನು ಅವರ ಬೆನ್ನು ತಟ್ಟಿ, “ಬೇಜಾರ್ ಮಾಡ್ಕೋಬೇಡಿ, ನಿಮಗೆ ಸುಣ್ಣದ ಮಾತ್ರೆ ಬಂದಿದೆ ಅಷ್ಟೆ. ನಂದು ನಾಲಿಗೆಗೆ ಇಟ್ಟ ತಕ್ಷಣ ಕಹಿ ಗೊತ್ತಾಗತ್ತೆ” ಎಂದೆ. ಪಾಪ ಅವರು ಮನೆಗೆ ಹೋಗಿ ತಮ್ಮದನ್ನೂ ನಾಲಿಗೆಯ ಮೇಲಿಟ್ಟು ನೋಡಿದರಂತೆ. “ನಂದೂ ಕಹೀನೇ ಇದೆಯಲ್ರೀ” ಎಂದರು. “ಅದು ಬೇರೆ ಕಹಿ” ಎಂದೆ.

ಆಮೇಲೆ ನಿನ್ನ ಮಾತು. ದಿನಕ್ಕೆ ಎರಡು ಮಾತ್ರೆ ನುಂಗಬೇಕಿತ್ತು. ಇಷ್ಟು ಜೋರಾದ ಔಷಧಿ ಅರ್ಧವಾದರೂ ಸಾಕು ಎಂದು ನಾನೇ ತೀರ್ಮಾನಿಸಿ ಬೆಳಗಿನದನ್ನು ನುಂಗಿ ಸಂಜೆಯದನ್ನು ನಿನಗಾಗಿ ಎತ್ತಿಟ್ಟೆ. ನರ್ಸಮ್ಮ ಕೇಳಿದಾಗ ಎರಡೂ ನುಂಗಿದೆ ಎಂದೆ. ಸೋಪಿನ ಪೆಟ್ಟಿಗೆಯಲ್ಲಿ ಹತ್ತಿಯ ಜೊತೆ ತುಂಬಿ ನಿನಗೆ ಕಳಿಸಿದೆ. ಯಾರಿಗೂ ಹೇಳಬೇಡ, ಇದು ಇನ್ನೂ ಅಂಗಡಿಗೆ ಬಂದಿಲ್ಲದ ಔಷಧಿ ಎಂದು ಬರೆದೆ. ಪಾಠದ ಮೂರು ಪ್ಯಾರಾ ನಾನೇ ಬೋರ್ಡಿನ ಮೇಲೆ ಬರೆದೆ ಅಣ್ಣ, ಹಿಂದಿನ ಬೆಂಚು ಉಸಿರೆತ್ತಲಿಲ್ಲ ಎಂದು ನಿನ್ನ ಪತ್ರ ಬಂದ ದಿನ ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಅದೇ ಪತ್ರದಲ್ಲಿ ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದೂ ಇತ್ತು. ಅದನ್ನು ಬಿಟ್ಟೆ. ಗಿರಾಕಿಗಳಿಗೆ ಓದುವಂಥದ್ದಲ್ಲ.

ಹೋದ ವಾರ ಸಂಶೋಧನೆ ಮುಗಿಯಿತು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ನನಗೆ, “ನೀವು ಬರೀ ಮಾತ್ರೆ ಗುಂಪಿನವರು” ಎಂದರು. ನಾನು ನಕ್ಕೆ. “ಇರಲಾರದು ಡಾಕ್ಟರಮ್ಮ, ಇನ್ನೊಂದ್ಸಲ ನೋಡಿ, ನಮ್ಮಪ್ಪನ ಹೆಸರು ಸರಿಯಾಗಿದೆಯಾ?” ಎಂದೆ. ಅವರು ಇನ್ನೊಂದು ಸಲ ನೋಡಿದರು, ನನ್ನ ಸಮಾಧಾನಕ್ಕೆ. ಆಮೇಲೆ, “ಇದರಲ್ಲಿ ನಾಚಿಕೆ ಪಡೋದೇನಿಲ್ಲ. ನಂಬಿದ್ದಕ್ಕೆ ಕೈ ನಿಂತಿದೆ. ಅದು ನಾಟಕ ಅಲ್ಲ” ಎಂದರು. ಅಲ್ಲಿಯವರೆಗೆ ನನಗೆ ನಾಚಿಕೆ ಎನ್ನುವುದು ಹೊಳೆದೇ ಇರಲಿಲ್ಲ. ಕಾಯಿಲೆ ಬಂತೆಂದು ನಾಚಿಕೊಳ್ಳುವವರನ್ನು ಕಂಡಿದ್ದೇನೆ. ನನಗೆ ವಾಸಿಯಾದದ್ದಕ್ಕೆ ನಾಚಿಕೆಯಾಯಿತು. ಸುಣ್ಣ ತಿಂದರೆ ನಿಲ್ಲುವ ಕೈ, ಹಾಗಾದರೆ ಮೊದಲು ನಡುಗಿದ್ದಾದರೂ ನಿಜವೇ? ಬೀದಿಯವರೆಲ್ಲ ಗಡ್ಡ ಬಿಟ್ಟದ್ದು ಯಾವುದಕ್ಕೆ ಹೆದರಿ?

ಹೊರಗೆ ಗಡಿಯಾರದವರು ಕೂತಿದ್ದರು. “ನಂದು ಔಷಧೀನೇ ಅಂತೆ” ಎಂದರು. “ಮೊದಲೇ ಗೊತ್ತಿದ್ದಿದ್ರೆ ಅದಲುಬದಲು ಮಾಡ್ಕೋಬಹುದಿತ್ತು ಕಣ್ರೀ. ವಾಕರಿಕೇನಾದ್ರೂ ತಪ್ತಿತ್ತು” ಎಂದು ನಕ್ಕು ನನ್ನ ಬೆನ್ನು ತಟ್ಟಿದರು, ನಾನು ಅವರದನ್ನು ತಟ್ಟಿದ ಹಾಗೆಯೇ. ಬೈದಿದ್ದರೆ ವಾಸಿಯಿತ್ತು.

ಎರಡು ದಿನ ಕೈ ನಿಂತೇ ಇತ್ತು. ಮೂರನೆಯ ದಿನ ಬಸ್ ಡ್ರೈವರ್ ಬಂದು ಕೂತ, ಗಲ್ಲ ಎತ್ತಿದ. ಸೋಪು ಹಚ್ಚುವಾಗ ಬ್ರಷ್ಷು ಅವನ ಕಿವಿಗೆ ತಾಗಿತು. ಕತ್ತಿ ಹಿಡಿದೆ. ನಡುಗಿತು. ಅವನು ಒಂದು ಕಣ್ಣು ತೆರೆದು ನನ್ನ ಕೈ ನೋಡಿದ, ಮತ್ತೆ ಮುಚ್ಚಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬ್ರೇಕಿನ ಮಾತಾಡಲಿಲ್ಲ. ನನ್ನ ಮರ್ಯಾದೆ ಉಳಿಸಲು ತನ್ನ ಕತ್ತು ಕೊಡಲು ತಯಾರಾಗಿದ್ದ. ನಾನು ಕತ್ತಿ ಮೊಂಡಾಗಿದೆ ಎಂದು ಸುಳ್ಳು ಹೇಳಿ ಮೆಷಿನ್ನಿನಿಂದ ಮುಗಿಸಿ ಕಳಿಸಿದೆ.

ಅಂದು ಸಂಜೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಔಷಧಿ ಅಂಗಡಿಗೆ ಹೋಗಿ ಅದೇ ಅಳತೆಯ ಬಿಳಿ ಮಾತ್ರೆ ಹುಡುಕಿ ತಂದೆ. ಮೂಳೆಗೆ ತಿನ್ನುವ ಕ್ಯಾಲ್ಸಿಯಂ. ಸೋಪಿನ ಪೆಟ್ಟಿಗೆಗೆ ಹತ್ತಿ ಹಾಸಿ ತುಂಬುತ್ತಿದ್ದೆ. ನಿನ್ನ ಬೋರ್ಡು, ನಿನ್ನ ಮೂರು ಪ್ಯಾರಾ, ಇಷ್ಟನ್ನಾದರೂ ಉಳಿಸೋಣ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. “ಅವಳು ಕೇಳಿದ್ದು ಮಾತ್ರೆ. ನೀವು ಕಳಿಸ್ತಿರೋದು ನಿಮ್ಮ ಮಾನ” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಪೆಟ್ಟಿಗೆ ಖಾಲಿ ಮಾಡಿದೆ. ಮಾತ್ರೆ ಅವಳೇ ತಿನ್ನುತ್ತಿದ್ದಾಳೆ, ಮೊಣಕಾಲಿಗೆ ಒಳ್ಳೆಯದಂತೆ.

ನಾನು ನಿನಗೆ ಕಳಿಸಿದ್ದು ಸುಣ್ಣ, ಗುಬ್ಬಚ್ಚಿ. ಉಳಿದದ್ದನ್ನು ಎಸೆದುಬಿಡು. ಬೋರ್ಡಿನ ಮೇಲೆ ಬರೆದದ್ದು ನೀನೇ, ಔಷಧಿಯಲ್ಲ. ಇದನ್ನು ಓದಿದ ಮೇಲೆ ಕೈ ಮತ್ತೆ ನಡುಗಿದರೆ ಆ ಪಾಪ ನನ್ನದು. ನಾಳೆ ಈ ಪತ್ರ ಅಂಚೆಗೆ ಹಾಕುವ ಮೊದಲು ಡಾಕ್ಟರಮ್ಮನ ಹತ್ತಿರ ಹೋಗಿ ನಿನಗೆ ಮಾತ್ರೆ ಕಳಿಸಿದ್ದನ್ನೂ ಹೇಳುತ್ತೇನೆ. ಅವರು ಅಷ್ಟು ತಿಂಗಳು ಜೋಪಾನವಾಗಿ ಬರೆದಿಟ್ಟುಕೊಂಡದ್ದರಲ್ಲಿ ನನ್ನದು ಸುಳ್ಳು ಎಂದು ಅವರಿಗೆ ಗೊತ್ತಾಗಬೇಕಲ್ಲ. ಕ್ಷಮಿಸು ಎಂದು ಕೇಳಲು ಸಂಕೋಚವಾಗುತ್ತಿದೆ. ನೀನು ಕೇಳದೆಯೇ ಕ್ಷಮಿಸುವವಳು, ಅದೇ ಕಷ್ಟ.

ಮಕ್ಕಳಿಗೆ ಮುದ್ದು. ನಿನ್ನ ಮನೆಯವರಿಗೆ ಇನ್ನೊಂದು ಕಂಬಳಿ ಕೊಡಿಸು. ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ. ಕೈ ನಡುಗಿದರೆ ಹರಕೆ ಉದುರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ನಿನ್ನ
ಅಣ್ಣ

ಮತ್ತೆ, ಸೋಮವಾರ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು:

ಮೇಲಿನದೆಲ್ಲ ಆಮೇಲೆ. ಇದನ್ನು ಮೊದಲು ಓದು. ಡಾಕ್ಟರಮ್ಮನಿಗೆ ಹೇಳಿದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ನನ್ನ ಲೆಕ್ಕವನ್ನು ಸಂಶೋಧನೆಯಿಂದ ತೆಗೆದುಹಾಕಬೇಕಾಗುತ್ತದೆ ಎಂದರು, ಅಷ್ಟೆ. ಆಮೇಲೆ, “ನಿಮ್ಮ ತಂಗಿಗೆ ನಡುಕ ಬಿಟ್ಟು ಇನ್ನೇನಾದರೂ ಇದೆಯಾ?” ಎಂದು ಕೇಳಿದರು. ಏನಿಲ್ಲ, ಆರಾಮಾಗಿದ್ದಾಳೆ ಎಂದೆ. “ಪತ್ರದಲ್ಲಿ ಏನಂತ ಬರೀತಾರೆ?” ಎಂದರು. ಮಾತಿಗೆ ಹೇಳುವ ಹಾಗೆ ಹೇಳತೊಡಗಿದೆ, ನಗುತ್ತಲೇ. ಚಳಿಯಲ್ಲಿ ಸೆಕೆ. ಇಬ್ಬರ ಊಟ, ಸಡಿಲ ಬಟ್ಟೆ. ಎದೆ ಡವಡವ. ನಿದ್ದೆಯಿಲ್ಲ, ಸಿಟ್ಟು. ಹೇಳುತ್ತ ಹೇಳುತ್ತ ನನ್ನ ನಗು ನಿಂತಿತು. ಅವರು ಪೆನ್ನು ಕೆಳಗಿಟ್ಟಿದ್ದರು. “ಕತ್ತು ಹೇಗಿದೆ?” ಎಂದರು.

ಕನ್ನಡಿಯ ಮೂಲೆಯ ಫೋಟೋ ಕಣ್ಣೆದುರಿಗೆ ಬಂತು. ದಿನವಿಡೀ ಕತ್ತು ನೋಡುವುದೇ ನನ್ನ ಕೆಲಸ. ಯಾರ ಕತ್ತಿನಲ್ಲಿ ಎಲ್ಲಿ ಮಚ್ಚೆ, ಎಲ್ಲಿ ಗಂಟು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ನಿನ್ನ ಕತ್ತನ್ನು ಬಸ್ ಡ್ರೈವರ್ ನೋಡಿದ, ನಾನು ನೋಡಲಿಲ್ಲ.

ಇದು ಅಮ್ಮನ ನಡುಕ ಅಲ್ಲದಿರಬಹುದು, ಥೈರಾಯ್ಡ್ ಇರಬಹುದು ಎನ್ನುತ್ತಾರೆ. “ಕೈ ನಂಬಿಕೆಗೆ ಬಗ್ಗತ್ತೆ, ಗ್ರಂಥಿ ಬಗ್ಗಲ್ಲ. ಹಾಗೇ ಬಿಟ್ರೆ ಹೃದಯಕ್ಕೆ ತೊಂದರೆ. ಆದರೆ ಇದಕ್ಕೆ ನಿಜವಾದ ಔಷಧಿ ಇದೆ, ಹೋಗೋಕೆ ಹೇಳಿ” ಎಂದರು. ನನಗೆ ಮಾಡಿದ ಮೊದಲ ಪರೀಕ್ಷೆಯ ಮಾತನ್ನು ನಿನಗೆ ಬರೆಯದೆ, ಮಾತ್ರೆ ಕಳಿಸಿದೆ. ಅಷ್ಟು ತಿಂಗಳು ಸುಣ್ಣ ನುಂಗುತ್ತ ನೀನು ಡಾಕ್ಟರ ಹತ್ತಿರ ಹೋಗದೆ ಕೂತೆ, ನನ್ನ ಮಾತಿಗೆ. ನಿನ್ನ ಮನೆಯಲ್ಲಿ ಫೋನಿಲ್ಲ, ಶಾಲೆಗೆ ಮಾಡಿದೆ, ರಜೆ, ಯಾರೂ ಎತ್ತಲಿಲ್ಲ. ಅದಕ್ಕೇ ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ.

ಅಕ್ಷರ ನೋಡಿ ಹೆದರಬೇಡ. ನನ್ನ ಕೈ ಮತ್ತೆ ಅಮ್ಮನದಾಗಿದೆ. ಇದರಿಂದ ಯಾರ ಜೀವವೂ ಹೋಗುವುದಿಲ್ಲ, ಬೀದಿಯವರು ಗಡ್ಡ ಬಿಡುತ್ತಾರೆ ಅಷ್ಟೆ. ನೀನು ಈಗಲೇ ಕನ್ನಡಿಯ ಮುಂದೆ ನಿಲ್ಲು. ಒಂದು ಗುಟುಕು ನೀರು ಬಾಯಲ್ಲಿ ಹಿಡಿದುಕೋ. ಗಲ್ಲ ಮೇಲೆತ್ತು. ನುಂಗು. ಕತ್ತಿನ ಬುಡದಲ್ಲಿ ಉಬ್ಬು ಮೇಲೆ ಹೋಗಿ ಕೆಳಗೆ ಬರುತ್ತದೆಯೇ ನೋಡು. ಬಂದರೂ ಬರದಿದ್ದರೂ ರಕ್ತ ಪರೀಕ್ಷೆ ಮಾಡಿಸು, ಈ ವಾರವೇ. ಮೊದಲು ಆಸ್ಪತ್ರೆ, ಆಮೇಲೆ ನನಗೆ ಪತ್ರ.

ಇಷ್ಟು ವರ್ಷ ಪ್ರತಿ ಪತ್ರದ ಮೊದಲ ಸಾಲಿನಲ್ಲಿ ಹೇಗಿದ್ದೀಯ ಎಂದು ಬರೆದಿದ್ದೇನೆ. ಈ ಸಲ ಕೇಳುತ್ತಿದ್ದೇನೆ.